ಕೌಂಟಿ ಟೀ ಮತ್ತು ಅತ್ತೆಯ ಹೋಳಿಗೆ

ನನ್ನ ಮಗಳ ಶಾಲೆಯ ಕ್ರಿಕೆಟ್ ಕೋಚ್ ಹುಡುಗನಾಗಿದ್ದಾಗ ಒಂದು ಬೇಸಿಗೆ ಇಂಗ್ಲೆಂಡಿನ ಯಾವುದೋ ಕೌಂಟಿಗೆ ಹೋಗಿ, ಅಲ್ಲಿನ ಶಾಲಾ ತಂಡಗಳ ಜೊತೆ ಆಡಿ ಬಂದವರು. ಎಷ್ಟೋ ವರ್ಷಗಳಾದರೂ ಅವರಿನ್ನೂ ಪೂರ್ತಿ ವಾಪಸ್ ಬಂದಿಲ್ಲ ಎಂಬುದು ನನ್ನ ಅನುಮಾನ. ಸಿ.ವಿ. ರಾಮನ್ ನಗರದ ಮಟಮಟ ಮಧ್ಯಾಹ್ನದಲ್ಲೂ ಅವರ ಕೈಯಲ್ಲೊಂದು ಮಡಿಸಿದ ಕೊಡೆ ಇರುತ್ತದೆ. ಮಾತು ಶುರುವಾಗುವುದೇ "ಕೌಂಟಿಯಲ್ಲಿ" ಎಂಬಲ್ಲಿಂದ. ಕೌಂಟಿಯಲ್ಲಿ ಹುಲ್ಲು ಹೀಗಿತ್ತು, ಕೌಂಟಿಯಲ್ಲಿ ಔಟಾದವರು ಮುಖ ಗಂಟು ಹಾಕಿಕೊಳ್ಳುತ್ತಿರಲಿಲ್ಲ, ಇತ್ಯಾದಿ. ನಮ್ಮ ಮೈದಾನದಲ್ಲಾದರೋ ಹುಲ್ಲೇ ಇಲ್ಲ. ಅದು ಹಳೆಯ ಕಾರ್ಖಾನೆ ಕಾಲೊನಿಯ ಮಣ್ಣಿನ ಮೈದಾನ. ಒಂದು ಮೂಲೆಯಲ್ಲಿ ಜನ ಕಾರು ಓಡಿಸುವುದನ್ನು ಕಲಿಯುತ್ತಿರುತ್ತಾರೆ, ನಮ್ಮ ಫೀಲ್ಡರ್‌ಗಳು ಚೆಂಡಿನಷ್ಟೇ ಗಮನವನ್ನು ಅವರ ಮೇಲೂ ಇಟ್ಟಿರಬೇಕು.

ಮಗಳು ಒಂಬತ್ತನೇ ತರಗತಿಗೆ ಬಂದ ವರ್ಷ ಈ ಕೋಚ್ ಓಡಾಡಿ, ಪೂರ್ವ ಬೆಂಗಳೂರಿನ ಕೆಲವು ಶಾಲೆಗಳನ್ನು ಒಪ್ಪಿಸಿ, ಹುಡುಗಿಯರಿಗೆಂದೇ ಒಂದು ಪುಟ್ಟ ಲೀಗ್ ಕಟ್ಟಿದರು. ಭಾನುವಾರಕ್ಕೊಂದು ಪಂದ್ಯ, ಇಪ್ಪತ್ತು ಓವರು. ನನ್ನ ಮಗಳು ನಾಯಕಿ. ಅವಳನ್ನು ಬಿಟ್ಟರೆ ನಮ್ಮ ತಂಡದಲ್ಲಿ ಕ್ರಿಕೆಟ್ ಆಡಲು ಬರುವವರು ಇನ್ನಿಬ್ಬರು. ಉಳಿದವರಲ್ಲಿ ಒಬ್ಬಳು ಭರತನಾಟ್ಯದವಳು, ಒಬ್ಬಳು ಚೆಸ್‌ನವಳು, ಮಿಕ್ಕವರು ಹನ್ನೊಂದು ತುಂಬಿಸಲು ಬಂದವರು.

ಲೀಗಿಗೆ ಕೋಚ್ ಮಾಡಿದ ವಿಶೇಷ ನಿಯಮವೊಂದಿತ್ತು, ಅದನ್ನೂ ಕೌಂಟಿಯಿಂದಲೇ ತಂದದ್ದು. ಒಂದು ತಂಡ ಬ್ಯಾಟಿಂಗ್ ಮುಗಿಸಿದ ಮೇಲೆ, ಇನ್ನೊಂದು ಶುರು ಮಾಡುವ ಮುಂಚೆ, ಎರಡೂ ತಂಡದವರು ಒಂದೇ ಸಾಲಿನಲ್ಲಿ ಕೂತು "ಟೀ" ತೆಗೆದುಕೊಳ್ಳಬೇಕು. ಮೈದಾನ ಯಾರದೋ ಆ ಕಡೆಯ ತಾಯಂದಿರು ಅದನ್ನು ಒದಗಿಸಬೇಕು. ತಾಯಂದಿರ ವಾಟ್ಸಾಪ್ ಗುಂಪಿಗೆ ಅವರೇ ಬರೆದು ಹಾಕಿದರು: ಸೌತೆಕಾಯಿ ಸ್ಯಾಂಡ್‌ವಿಚ್, ತುಸು ಕೇಕ್, ಚಹಾ, ಇಷ್ಟು ಸಾಕು.

ನಾನು ಅದನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಗದಗದ ಕಡೆಯವರಾದ ನನ್ನ ಅತ್ತೆ ನಮ್ಮ ಜೊತೆಗೇ ಹೊರಮಾವಿನ ಫ್ಲಾಟಿನಲ್ಲಿರುತ್ತಾರೆ. ಅವರು ಕೈಯಲ್ಲಿದ್ದ ಬೆಳ್ಳುಳ್ಳಿ ಕೆಳಗಿಟ್ಟರು.

"ಬಂದ ಹೆಣ್ಮಕ್ಕಳಿಗೆ ಬ್ರೆಡ್ ಕೊಡ್ತೀರಿ? ಜ್ವರ ಬಂದವರು ತಿನ್ನೂದು ಅದು. ಆ ಕೂಸುಗಳಿಗೆ ಏನಾಗೇತಿ?"

ಊರಿನ ಉಳಿದ ತಾಯಂದಿರಿಗೂ ಹಾಗೇ ಅನ್ನಿಸಿತೆಂದು ಕಾಣುತ್ತದೆ. ಮೊದಲ ಪಂದ್ಯ ಹಲಸೂರಿನವರ ಮೈದಾನದಲ್ಲಿ. ಸ್ಯಾಂಡ್‌ವಿಚ್ ಇತ್ತು, ಇಲ್ಲವೆನ್ನಲಾರೆ. ಅದರ ಪಕ್ಕದಲ್ಲೇ ತುಪ್ಪ ತೇಲುವ ಪೊಂಗಲ್, ಉದ್ದಿನ ವಡೆ ಮತ್ತು ಒಂದು ಹಂಡೆ ಪಾಯಸ ಇದ್ದವು. ಕೋಚ್ ಸ್ಯಾಂಡ್‌ವಿಚ್ ಒಂದನ್ನೇ ಹಿಡಿದುಕೊಂಡು, ಸಾಲಿನಲ್ಲಿ ಕೂತವರನ್ನು ನೋಡುತ್ತ, "ಕೌಂಟಿಯಲ್ಲಿ..." ಎಂದು ಶುರು ಮಾಡಿ ಅದನ್ನೇ ಕಚ್ಚಿದರು. ಮುಂದಿನ ವಾರ ಶಿವಾಜಿನಗರದವರು ಬಿರಿಯಾನಿಯ ದೊಡ್ಡ ದೇಗ್ಚಿಯನ್ನೇ ಆಟೋದಲ್ಲಿ ತಂದಿಳಿಸಿದರು. ನಮ್ಮಲ್ಲಿ ಮಾಂಸ ತಿನ್ನದ ಮಕ್ಕಳಿದ್ದಾರೆಂದು ಗೊತ್ತಾಗಿ ಅವರಿಗೆ ಬೇರೆಯಾಗಿ ಪಲಾವ್, ಮೇಲೆ ಎಲ್ಲರಿಗೂ ಖುಬಾನಿ ಹಣ್ಣಿನ ಸಿಹಿ. "ಲೇವ್ ಬೇಟಾ, ಇನ್ನೂ ಸ್ವಲ್ಪ ಹಾಕ್ಸ್ಕೋ" ಎಂದು ಒಬ್ಬ ಅಜ್ಜಿ ನಮ್ಮ ಭರತನಾಟ್ಯದ ಹುಡುಗಿಯ ತಟ್ಟೆಗೆ ಮೂರು ಸಲ ಬಡಿಸಿದರು. ಆ ಹುಡುಗಿ ಆಮೇಲೆ ಬೌಂಡರಿ ಗೆರೆಯಲ್ಲಿ ನಿಂತವಳು ನಿಂತಲ್ಲೇ ತೂಕಡಿಸಿದಳು. ಚೆಂಡು ಅವಳ ಕಾಲ ಸಂದಿಯಿಂದಲೇ ದಾಟಿ ಹೋಯಿತು.

ನನಗೆ ಕ್ರಿಕೆಟ್ ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಆದರೆ ಅಡುಗೆ ಗೊತ್ತು. ಈ ಲೀಗಿನಲ್ಲಿ ಗೆಲುವು ಹೇಗೆ ಬರುತ್ತದೆಂದು ಕೋಚ್‌ಗಿಂತ ಮೊದಲು ಕಂಡುಕೊಂಡವಳು ನಾನೇ. ಉಂಡ ಮೇಲೆ ಬ್ಯಾಟಿಂಗ್ ಮಾಡುವ ತಂಡದಲ್ಲಿ ಇಬ್ಬರು ಎದ್ದು ಹೋದರೆ ಸಾಕು, ಉಳಿದ ಒಂಬತ್ತು ಜನ ಮರದ ಕೆಳಗೆ ಉರುಳಿಕೊಂಡಿರಬಹುದು. ಉಂಡ ಮೇಲೆ ಫೀಲ್ಡಿಂಗ್ ಮಾಡುವವರು ಮಾತ್ರ ಹನ್ನೊಂದೂ ಜನ ಬಿಸಿಲಲ್ಲಿ ಓಡಬೇಕು. ಹಾಗಾಗಿ ಟಾಸ್ ಗೆದ್ದವರು ಮೊದಲು ಫೀಲ್ಡಿಂಗ್ ಆರಿಸಿಕೊಳ್ಳಬೇಕು, ಅಷ್ಟೇ ಗುಟ್ಟು. ಎರಡು ವಾರದಲ್ಲಿ ಎಲ್ಲ ನಾಯಕಿಯರಿಗೂ ಇದು ಅರ್ಥವಾಯಿತು. ನನ್ನ ಮಗಳಿಗೂ ಆಯಿತು, ಆದರೆ ಅವಳು ಪ್ರತಿ ಟಾಸನ್ನೂ ಸೋತಳು. ಪ್ರತಿ ವಾರ ನಮ್ಮ ಹುಡುಗಿಯರು ಹೊಟ್ಟೆ ಬಿರಿಯೆ ಉಂಡು, ತೇಗುತ್ತ ಮೈದಾನಕ್ಕಿಳಿದು, ಸೋತು ಬಂದರು. ಇಂದಿರಾನಗರದವರು ಮಾತ್ರ ಕಿನ್ವಾ ಸಲಾಡ್ ಕೊಟ್ಟರು. ಅದನ್ನು ಯಾರೂ ತಿನ್ನಲಿಲ್ಲ. ನಮ್ಮವರು ಅವತ್ತು ಚಿಗರೆಗಳ ಹಾಗೆ ಓಡಿದರು, ಇನ್ನೇನು ಗೆದ್ದೇಬಿಟ್ಟೆವು ಅನ್ನುವಾಗ ಮಳೆ ಬಂದು ಪಂದ್ಯವೇ ರದ್ದಾಯಿತು. ಕೋಚ್ ಒಬ್ಬರೇ ಖುಷಿಯಾಗಿ ಕೊಡೆ ಬಿಚ್ಚಿದರು.

ಇದೆಲ್ಲ ನಗುವ ಮಾತೇ, ಆದರೆ ಮಗಳಿಗೆ ನಗು ಬರುತ್ತಿರಲಿಲ್ಲ. ಕಾರಣ ನಾನು. ವರ್ಷದ ಶುರುವಿನಲ್ಲೇ ನಾನು ಹೇಳಿಬಿಟ್ಟಿದ್ದೆ: "ನೈನ್ತ್ ಮುಗಿಯೋವರೆಗೂ ಎಷ್ಟು ಬೇಕಾದ್ರೂ ಆಡ್ಕೋ. ಟೆಂತ್‌ಗೆ ಬಂದ್ಮೇಲೆ ಬ್ಯಾಟು ಅಟ್ಟಕ್ಕೆ. ಅಳೋದು, ಅಪ್ಪನ್ ಕೈಲಿ ಹೇಳ್ಸೋದು, ಯಾವ್ದೂ ನಡಿಯಲ್ಲ." ನನ್ನ ಮಾತೆಂದರೆ ಮಾತು, ಅದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅವಳು ವಾದ ಮಾಡಲಿಲ್ಲ. ನಾಯಕಿಯಾಗಿ ಒಂದೇ ಒಂದು ಪಂದ್ಯ ಗೆದ್ದು ಬ್ಯಾಟ್ ಕೆಳಗಿಡುತ್ತೇನೆ ಎಂದಷ್ಟೇ ಹೇಳಿದ್ದಳು.

ಕೊನೆಯದಕ್ಕೆ ಮುಂಚಿನ ಪಂದ್ಯವನ್ನೂ ಸೋತು ವಾಪಸ್ ಬರುವಾಗ ಟಿನ್ ಫ್ಯಾಕ್ಟರಿ ಹತ್ತಿರ ಕಾರು ಎಂದಿನಂತೆ ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಮಗಳು ಪ್ಯಾಡನ್ನೂ ಬಿಚ್ಚದೆ ಕೂತಿದ್ದಳು.

"ಅಮ್ಮಾ, ಇನ್ನು ಒಂದೇ ಮ್ಯಾಚು" ಎಂದಳು. ನಾನು ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡುತ್ತ ಕೂತೆ. ಹಾಗೆಂದು ಟೆಂತ್‌ನ ಮಾತು ಬದಲಿಸುವ ಯೋಚನೆಯೇನೂ ಬರಲಿಲ್ಲ. ಗೆಲ್ಲಿಸಿಬಿಡಬೇಕು ಎಂಬ ಯೋಚನೆ ಬಂತು.

ಕೊನೆಯ ಪಂದ್ಯ ನಮ್ಮ ಮೈದಾನದಲ್ಲಿ, ಕೆ.ಆರ್. ಪುರಂ ಕಡೆಯ ಶಾಲೆಯ ಮೇಲೆ. ಅಂದರೆ ಟೀ ನಮ್ಮದು. ಟೀ ಪೂರ್ತಿ ನಮ್ಮ ಮನೆಯಿಂದಲೇ ಎಂದು ನಾನು ಗುಂಪಿನಲ್ಲಿ ಘೋಷಿಸಿಬಿಟ್ಟೆ. ಅತ್ತೆಗೆ, "ದೊಡ್ಡ ಊಟ ಮಾಡಿ ಅತ್ತೆ, ನಿಮ್ಮ ಊರಿನ ಕಡೆಯದು" ಎಂದೆ. ನನ್ನ ಉದ್ದೇಶ ಅವರಿಗೂ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ. ಮಗಳಿಗೆ ಹೇಳಿದ್ದರೆ ನೆಟ್ಟಗೆ ಹೋಗಿ ಕೋಚ್‌ಗೆ ವರದಿ ಒಪ್ಪಿಸುತ್ತಿದ್ದಳು. ಅತ್ತೆ ಎರಡು ದಿನ ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ. ಜೋಳದ ರೊಟ್ಟಿ, ಎಣಗಾಯಿ, ಕಟ್ಟಿನ ಸಾರು, ಅನ್ನ. ಎಲ್ಲಕ್ಕಿಂತ ಮೇಲೆ ಕಡಲೆಬೇಳೆ ಹೂರಣದ ಹೋಳಿಗೆ, ಒಂದೊಂದೂ ಊಟದ ತಟ್ಟೆಯಗಲ, ಮೇಲೆ ಸುರಿಯಲು ಒಂದು ತಂಬಿಗೆ ತುಪ್ಪ. ಇಂಥ ಊಟ ಉಂಡವರು ಎದ್ದು ಓಡಿದ್ದನ್ನು ನಾನು ಮದುವೆಯಾದಾಗಿನಿಂದ ಕಂಡಿಲ್ಲ. ಟಾಸ್ ಒಂದು ಮಾತ್ರ ನನ್ನ ಕೈಯಲ್ಲಿರಲಿಲ್ಲ. ಅದಕ್ಕೆ ಅಪಾರ್ಟ್‌ಮೆಂಟಿನ ಗೇಟಿನಲ್ಲಿರುವ ಗಣೇಶನಿಗೆ ಈಡುಗಾಯಿ ಹರಸಿಕೊಂಡೆ.

ಗಣೇಶ ಕೈಬಿಡಲಿಲ್ಲ. ಮಗಳು ಟಾಸ್ ಗೆದ್ದಳು. ಗೆದ್ದದ್ದು ಅವಳಿಗೇ ನಂಬಿಕೆಯಾಗದೆ ನಾಣ್ಯವನ್ನು ಬಗ್ಗಿ ಇನ್ನೊಮ್ಮೆ ನೋಡಿದಳು. ಮೊದಲು ಫೀಲ್ಡಿಂಗ್ ಎಂದಳು. ಕೆ.ಆರ್. ಪುರಂನವರು ಬ್ಯಾಟ್ ಮಾಡಿ ತೊಂಬತ್ತರ ಆಸುಪಾಸು ಹೊಡೆದರು. ಆಮೇಲೆ ಟೀ.

ಎಂಥ ಟೀ ಅದು! ಎದುರಾಳಿ ಹುಡುಗಿಯರು ಮೊದಲು ನಾಚಿಕೊಂಡರು, ಆಮೇಲೆ ನಾಚಿಕೆ ಬಿಟ್ಟರು. ನಾನೇ ಸೊಂಟಕ್ಕೆ ಸೆರಗು ಸಿಕ್ಕಿಸಿ ತುಪ್ಪ ಬಡಿಸಿದೆ. ಸಾಲಿನ ಕೊನೆಯಲ್ಲಿದ್ದ ಒಬ್ಬಳು ಮಾತ್ರ ತಟ್ಟೆಯನ್ನೇ ಮುಟ್ಟಲಿಲ್ಲ. ಉದ್ದಕ್ಕೆ, ಸಣ್ಣಗೆ ಇದ್ದ ಹುಡುಗಿ, ಅವರ ಫಾಸ್ಟ್ ಬೌಲರ್. ಒಂದು ಬಾಳೆಹಣ್ಣು ಸುಲಿಯುತ್ತಿದ್ದಳು. ಅತ್ತೆ ಅವಳ ಮುಂದೆ ಹೋಗಿ ನಿಂತರು.

"ಯಾಕ ತಂಗೀ, ಉಣವಲ್ಲಿ?"

"ಬೇಡ ಅಜ್ಜಿ, ಬೌಲಿಂಗ್ ಮಾಡ್ಬೇಕು."

"ಮಾಡು, ಯಾರು ಬ್ಯಾಡಂದ್ರು? ಉಂಡು ಮಾಡು."

ಹುಡುಗಿ ನಕ್ಕು ತಲೆಯಾಡಿಸಿದಳು. ಅತ್ತೆಯ ಮುಖ ಸಣ್ಣದಾಯಿತು. ತಾವು ಮಾಡಿದ ಹೋಳಿಗೆಯನ್ನು ಬೇಡವೆಂದವರು ಅವರ ಅನುಭವದಲ್ಲಿ ಸಕ್ಕರೆ ಕಾಯಿಲೆಯವರು ಮಾತ್ರ.

ನಮ್ಮ ಬ್ಯಾಟಿಂಗ್ ಶುರುವಾಯಿತು. ಆ ಬಾಳೆಹಣ್ಣಿನ ಹುಡುಗಿ ಬಂದವಳೇ ನಮ್ಮ ಮೊದಲಿಬ್ಬರನ್ನು ಗುಡಿಸಿ ಹಾಕಿದಳು. ಆದರೆ ಅವಳೊಬ್ಬಳೇ ಎಷ್ಟು ಓವರ್ ಹಾಕಿಯಾಳು? ಉಳಿದವರ ಮೇಲೆ ಹೋಳಿಗೆ ತನ್ನ ಕೆಲಸ ಮಾಡುತ್ತಿತ್ತು. ಮಗಳು ಮೆಲ್ಲಗೆ ತಳ್ಳಿದ ಚೆಂಡು ಇಬ್ಬರು ಫೀಲ್ಡರ್‌ಗಳ ನಡುವೆ ಹಾದು ಹೋದರೆ ಅವರು ಅದನ್ನು ನೋಡುತ್ತ ನಿಂತರು.

"ನೀನ್ ಹೋಗೇ."

"ನಂಗಾಗಲ್ಲ ಕಣೇ, ನೀನೇ ಹೋಗು."

ಅಷ್ಟರಲ್ಲಿ ಮಗಳು ಮೂರು ರನ್ ಓಡಿದಳು. ನಾನು ಕುರ್ಚಿಯ ಮೇಲೆ ಕೂರಲಾರದೆ ಎದ್ದು ನಿಂತೆ. ಜೀವನದಲ್ಲಿ ಮೊದಲ ಸಲ ಕ್ರಿಕೆಟ್ ಅಂದರೆ ಇಷ್ಟು ಚೆನ್ನಾಗಿರುತ್ತದೆ ಎಂದು ತಿಳಿಯಿತು.

ಇತ್ತ ಅತ್ತೆ ಸುಮ್ಮನಿರಲಿಲ್ಲ. ಆ ಉದ್ದ ಹುಡುಗಿಯನ್ನು ಅವಳ ತಂಡದವರು ಬೌಂಡರಿ ಗೆರೆಯ ಹತ್ತಿರ, ನಮ್ಮ ಮರದ ಬುಡದಲ್ಲೇ ನಿಲ್ಲಿಸಿದ್ದರು. ಅತ್ತೆ ಸ್ಟೀಲ್ ಡಬ್ಬಿ ಹಿಡಿದು ಗೆರೆಯ ಈಚೆ ಕೂತರು. ಒಂದು ಓವರ್ ಮುಗಿದು ಇನ್ನೊಂದು ಶುರುವಾಗುವ ಮಧ್ಯೆ, "ಒಂದು ತುತ್ತು, ನಮ್ಮವ್ವ" ಎನ್ನುವರು. ಹುಡುಗಿ ಕೋಚ್ ಕಡೆ ಒಮ್ಮೆ ನೋಡಿ ಒಂದು ತುತ್ತು ತಿಂದಳು. ಮುಂದಿನ ಓವರಿಗೆ ತಾನೇ ಕೈ ಚಾಚಿದಳು. ಕೊನೆಕೊನೆಗೆ ಇಡೀ ಹೋಳಿಗೆಯನ್ನು ಸುರುಳಿ ಸುತ್ತಿ, ತುಪ್ಪದಲ್ಲಿ ಅದ್ದಿ ತಿನ್ನುತ್ತಿದ್ದಳು. ನನಗೆ ಅತ್ತೆಯ ಕಾಲಿಗೆ ಬೀಳೋಣವೆನ್ನಿಸಿತು.

ಕೊನೆಯ ಓವರಿಗೆ ಗೆಲ್ಲಲು ಆರು ರನ್ ಬೇಕು. ನಮ್ಮ ಕಡೆ ಉಳಿದದ್ದು ಕೊನೆಯ ಜೋಡಿ. ಎದುರಿಸುವವಳು ನನ್ನ ಮಗಳು, ಆಚೆ ತುದಿಯಲ್ಲಿ ಚೆಸ್ ಹುಡುಗಿ. ಚೆಂಡನ್ನು ಉದ್ದ ಹುಡುಗಿಯ ಕೈಗೆ ಕೊಟ್ಟರು. ಅವಳು ತೇಗಿದಳು, ಓಡಿ ಬಂದಳು, ಎಸೆದಳು. ಚೆಂಡು ಬೆರಳಿನಿಂದ ಜಾರಿ ಎಲ್ಲೋ ಹೋಯಿತು. ವೈಡ್. ಮತ್ತೆ ಎಸೆದಳು, ಅದೂ ಜಾರಿತು. ಇನ್ನೊಂದು ವೈಡ್. ಪ್ಯಾಂಟಿಗೆ ಕೈ ಒರೆಸಿಕೊಂಡಳು, ತುಪ್ಪ ಹೋಗಲಿಲ್ಲ. ಇನ್ನು ನಾಲ್ಕು ರನ್ ಸಾಕು. ಹೀಗೇ ಜಾರುತ್ತಿದ್ದರೆ ಮಗಳು ಬ್ಯಾಟ್ ಎತ್ತುವ ಕೆಲಸವೂ ಇಲ್ಲ.

ಆಗ ಅತ್ತೆ ಎದ್ದರು. ನೀರಿನ ತಂಬಿಗೆ ಹಿಡಿದು, ಗೆರೆ ದಾಟಿ, ನೇರವಾಗಿ ಮೈದಾನದ ಮಧ್ಯಕ್ಕೆ ನಡೆದರು.

"ಅತ್ತೆ! ಬನ್ನಿ ಈಚೆ! ಅತ್ತೇ!" ಎಂದು ನಾನು ಕಿರುಚಿದೆ.

ಅವರು ತಿರುಗಿ ನೋಡಲಿಲ್ಲ. ಹುಡುಗಿಯ ಕೈ ಮೇಲೆ ನೀರು ಹಾಕಿ ತೊಳೆಸಿದರು. ಸೆರಗಿನಿಂದ ಬೆರಳು ಬೆರಳನ್ನೂ ಒರೆಸಿದರು. ಆಮೇಲೆ ಚೆಂಡು ಇಸಿದುಕೊಂಡು ಅದನ್ನೂ ಒರೆಸಿದರು. ಅಂಪೈರ್ ಆಗಿ ನಿಂತಿದ್ದ ಕೋಚ್ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಅತ್ತೆ ಅವರನ್ನೇ ಗದರಿಸಿದರು: "ಕೂಸಿನ ಕೈಯಾಗ ಜಿಡ್ಡು ಐತಿ, ಚೆಂಡು ಜಾರತೈತಿ. ದೊಡ್ಡವರು ನಿಂತೀರಿ, ನೋಡಬಾರದೇನ್ರಿ?"

"ಕೌಂಟಿಯಲ್ಲಿ ಹೀಗೆ ಯಾವತ್ತೂ ಆಗಿಲ್ಲಮ್ಮ" ಎಂದಷ್ಟೇ ಕೋಚ್ ಹೇಳಿದರು.

ಮುಂದಿನ ಚೆಂಡು ಮಗಳ ಮೂಗಿನ ಪಕ್ಕದಲ್ಲೇ ಹೋಯಿತು. ಅದರ ಮುಂದಿನದನ್ನು ಅವಳು ಹೇಗೋ ಹೊಡೆದು ಎರಡು ರನ್ ಓಡಿದಳು. ಇನ್ನೆರಡು ಬೇಕು. ಉದ್ದ ಹುಡುಗಿ ಒಣಗಿದ ಕೈಯಲ್ಲಿ ಚೆಂಡನ್ನು ಭದ್ರವಾಗಿ ಹಿಡಿದು, ಅಷ್ಟು ದೂರದಿಂದ ಓಡಿ ಬಂದು, ನೇರ ಕಾಲಬುಡಕ್ಕೆ ಹಾಕಿದಳು. ಸ್ಟಂಪು ಎಗರಿ ಬಿತ್ತು. ಒಂದು ರನ್‌ನಿಂದ ಸೋತೆವು. ಇಡೀ ಮೈದಾನದಲ್ಲಿ ಮೊದಲು ಚಪ್ಪಾಳೆ ತಟ್ಟಿದವರು ನನ್ನ ಅತ್ತೆ.

ನನಗೆ ಕಣ್ಣಲ್ಲಿ ನೀರು ಬಂತು. ಅಳುವೋ ಸಿಟ್ಟೋ ಗೊತ್ತಿಲ್ಲ. ಮಗಳು ಅಳಲಿಲ್ಲ. ಆ ಉದ್ದ ಹುಡುಗಿಯ ಹೆಗಲ ಮೇಲೆ ಕೈ ಹಾಕಿಕೊಂಡು, "ಏನ್ ಬಾಲ್ ಮಗಾ ಅದು!" ಎಂದು ನಗುತ್ತ ಬಂದಳು. ಬಂದವಳು ಮರದ ಕೆಳಗೆ ಕೂತು ಪ್ಯಾಡ್ ಬಿಚ್ಚತೊಡಗಿದಳು. ಒಂದನ್ನು ಬಿಚ್ಚಿ, ಅದರ ಪಟ್ಟಿಗಳನ್ನು ನೆಟ್ಟಗೆ ಮಡಿಸಿ, ಎತ್ತಿಡುವ ಸಾಮಾನಿನ ಹಾಗೆ ಪಕ್ಕಕ್ಕಿಟ್ಟಳು. ಅದನ್ನು ನೋಡಲಾಗದೆ ನಾನು ಅತ್ತೆಯ ಮೇಲೆ ತಿರುಗಿಬಿದ್ದೆ.

"ಗೆದ್ದಿದ್ವಿ ಅತ್ತೆ! ಗೆದ್ದಾಗಿತ್ತು! ನಿಮ್ಮನ್ನ ಯಾರು ಕೈ ತೊಳ್ಸೋಕೆ ಹೇಳಿದ್ದು? ನೋಡ್ತಿರಿ, ಮುಂದಿನ್ ವರ್ಷ ನಿಮ್ಮನ್ನ ಮನೇಲೇ ಬಿಟ್ಟು ಬರ್ತೀನಿ. ಮುಂದಿನ್ ವರ್ಷ ಇದೇ ಟೀಮ್‌ನ, ಇದೇ ಗ್ರೌಂಡಲ್ಲಿ, ನಮ್ ಹುಡುಗೀರು ಸೋಲಿಸ್ಲಿಲ್ಲ ಅಂದ್ರೆ ಕೇಳಿ!"

ಮಗಳ ಕೈ ಎರಡನೇ ಪ್ಯಾಡಿನ ಪಟ್ಟಿಯ ಮೇಲೆ ನಿಂತಿತು.

"ಮುಂದಿನ್ ವರ್ಷನಾ ಅಮ್ಮಾ?" ಎಂದಳು, ಬಹಳ ಮೆಲ್ಲಗೆ.

"ನಾವೂ ಕೇಳಿಸ್ಕೊಂಡ್ವಿ ಆಂಟಿ" ಎಂದಳು ಉದ್ದ ಹುಡುಗಿ. ಕೋಚ್ ಕೊಡೆಯ ಮೇಲೆ ಭಾರ ಹಾಕಿ ನಿಂತು ತಲೆಯಾಡಿಸಿದರು.

ಹಾಗಲ್ಲ, ನಾನು ಹೇಳಿದ್ದು ಬೇರೆ, ಟೆಂತ್ ಅಂದರೆ ಟೆಂತೇ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಡಬ್ಬಿಯಲ್ಲಿ ಉಳಿದಿದ್ದ ಕೊನೆಯ ಹೋಳಿಗೆಯನ್ನು ಮಡಿಸಿ ನನ್ನ ಬಾಯಿಗೆ ತುರುಕಿದರು. ನಾನು ಅದನ್ನು ಅಗಿದು ನುಂಗುವ ಹೊತ್ತಿಗೆ ಮಗಳು ಬಿಚ್ಚಿಟ್ಟ ಪ್ಯಾಡನ್ನು ಮತ್ತೆ ಕಾಲಿಗೆ ಕಟ್ಟಿಕೊಂಡು, ಉದ್ದ ಹುಡುಗಿಯ ಕೈಗೆ ಚೆಂಡು ಕೊಟ್ಟು, "ಆ ಬಾಲ್ ಇನ್ನೊಂದ್ಸಲ ಹಾಕೇ" ಎನ್ನುತ್ತ ಮೈದಾನದ ಮಧ್ಯಕ್ಕೆ ಹೋಗಿಯಾಗಿತ್ತು.