ಅಮ್ಮನೋ, ಕುದುರೆಯೋ?

ಕಳೆದ ಮಂಗಳವಾರ ಬೆಳಿಗ್ಗೆ ನನ್ನನ್ನು ದೇವರು ಮಾಡಿದರು. ಅದೂ ಹೆಣ್ಣು ದೇವರು.

ನಗಬೇಡಿ. ನಮ್ಮ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಹೊಸಿಲಿಗೆ ಅರಿಸಿನದ ನೀರು ಚಿಮುಕಿಸಿದರು. ಹಸು ಹೋಗುವ ದಾರಿಯಲ್ಲಿ ಸೈಕಲ್ ನಿಲ್ಲಿಸಿದ್ದಕ್ಕೆ ಮೊನ್ನೆಯಷ್ಟೇ ನನ್ನ ಮೇಲೆ ರೇಗಿದ್ದ ಮನೆ ಮಾಲೀಕರು ಮುನಿವೆಂಕಟಪ್ಪನವರು ಅಂಗಳದಲ್ಲಿ ನಿಂತು ಕೈ ಮುಗಿದು, "ತಾಯೀ, ತಪ್ಪಾಗಿದ್ರೆ ಒಟ್ಟೆಗಾಕ್ಕೊ, ತಣ್ಣಗಿರವ್ವ" ಎಂದರು. ಯಾರಿಗೆ? ನನಗೆ! ನಾನಾಗ ಬನಿಯನ್ನು, ಪಟ್ಟೆಪಟ್ಟೆ ಚಡ್ಡಿಯಲ್ಲಿ ಚಾಪೆಯ ಮೇಲೆ ಕೂತು ಪರಪರ ಕೆರೆದುಕೊಳ್ಳುತ್ತಿದ್ದೆ.

ಇದು ಶುರುವಾಗಿದ್ದು ಅದಕ್ಕೆ ಹತ್ತು ದಿನ ಮೊದಲು, ಹೆಬ್ಬಾಳದಲ್ಲಿ. ಆಫೀಸು ಮುಗಿಸಿ ಬಸ್ಸಿನಿಂದ ಇಳಿದು, ಬ್ಯಾಟರಾಯನಪುರದ ನಮ್ಮ ಮನೆಗೆ ಹೋಗಲು ಜಟಕಾ ಹುಡುಕುತ್ತಿದ್ದೆ. ಸವೆದ ಚಪ್ಪಲಿಯನ್ನು ತೂರಿಕೊಂಡು ಬಲಗಾಲಿಗೆ ಏನೋ ನೆಟ್ಟಿತು. ಕಿತ್ತು ನೋಡಿದರೆ ಕುದುರೆ ಲಾಳದ ಮೊಳೆ. (ಚಪ್ಪಲಿ ಬದಲಾಯಿಸಿ ಎಂದು ನನ್ನ ಹೆಂಡತಿ ಸರೋಜ ಯುಗಾದಿಯಿಂದ ಹೇಳುತ್ತಿದ್ದಳು. ಆ ವಿಷಯ ಈಗ ಬೇಡ.)

ಅಲ್ಲೇ ಹತ್ತಿರದ ಡಾಕ್ಟರ ಬಳಿ ಕುಂಟಿಕೊಂಡು ಹೋದೆ. ಅವರು ಮೊಳೆ ನೋಡಿ ಮುಖ ಗಂಟಿಕ್ಕಿದರು.

"ತುಕ್ಕು ಹಿಡಿದ ಮೊಳೆ, ಲದ್ದಿ ಬಿದ್ದ ನೆಲ. ಧನುರ್ವಾಯು ಬಂದ್ರೆ ನನ್ ಕೈಲೇನೂ ಇಲ್ಲ ಕಣ್ರೀ. ಸೀರಂ ಇಂಜೆಕ್ಷನ್ ತಗೊಳ್ಳಿ."

"ಸೀರಂ ಅಂದ್ರೆ?"

"ಕುದುರೆಗೆ ಧನುರ್ವಾಯು ವಿಷಾನ ಬಲ ಕುಂದಿಸಿ, ಸ್ವಲ್ಪ ಸ್ವಲ್ಪವಾಗಿ ಕೊಟ್ಟು ಅಭ್ಯಾಸ ಮಾಡಿಸ್ತಾರೆ. ಅದರ ರಕ್ತದಲ್ಲಿ ಆ ವಿಷ ಮುರಿಯೋ ಶಕ್ತಿ ಹುಟ್ಟುತ್ತೆ. ಆ ರಕ್ತದ ತಿಳಿನೀರೇ ಇದು."

ಚುಚ್ಚಿದ್ದೂ ಕುದುರೆ, ಕಾಪಾಡುವುದೂ ಕುದುರೆ! ನನಗೆ ಬಹಳ ಖುಷಿಯಾಯಿತು. ಡಾಕ್ಟರು ಮೊದಲು ಮುಂಗೈಗೆ ಒಂದು ಹನಿ ಟೆಸ್ಟ್ ಡೋಸ್ ಹಾಕಿ, ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿದರು. ಏನೂ ಆಗಲಿಲ್ಲ. ಉಳಿದದ್ದನ್ನೂ ಚುಚ್ಚಿ ಮನೆಗೆ ಕಳಿಸಿದರು. ನಾಲ್ಕೇ ದಿನಕ್ಕೆ ಗಾಯ ಮಾಯಿತು, ನಾನು ಕುದುರೆಯನ್ನು ಮರೆತೆ.

ಕುದುರೆ ನನ್ನನ್ನು ಮರೆಯಲಿಲ್ಲ. ಹತ್ತನೆಯ ದಿನ ಸೋಮವಾರ ಸಂಜೆ ಸೊಂಟದ ಹತ್ತಿರ ಸಣ್ಣಗೆ ನವೆ. ಮಂಗಳವಾರ ಎದ್ದಾಗ ಮೈಯೆಲ್ಲ ಕೆಂಪು ದದ್ದು, ಜ್ವರ, ಮಂಡಿ ಮಣಿಕಟ್ಟುಗಳಲ್ಲಿ ನೋವು. ಮೇಲ್ತುಟಿ ಬೋಂಡದ ಹಾಗೆ ಊದಿತ್ತು.

ಸರೋಜ ಹೆದರಲಿಲ್ಲ. "ಪಿತ್ತದ ಗಂಧೆ ಕಣ್ರೀ ಇದು. ಆ ಹೋಟೆಲ್ ಬಜ್ಜಿ ತಿನ್ಬೇಡಿ ಅಂದೆ, ಕೇಳಿದ್ರಾ?" ಎಂದು ಹಿತ್ತಲಿಗೆ ದೊಡ್ಡಪತ್ರೆ ಎಲೆ ಕೀಳಲು ಹೋದಳು. ಅದನ್ನು ಅರೆದು ಮೈಗೆ ಹಚ್ಚಿದರೆ ಗಂಧೆ ಇಳಿಯುತ್ತದೆ ಎಂದು ಲೆಕ್ಕ. ಅಲ್ಲಿ ಮಾಲೀಕರ ಹೆಂಡತಿ ಗೌರಮ್ಮನವರು ಸಿಕ್ಕರು. ದೊಡ್ಡಪತ್ರೆ ಯಾಕೆ ಎಂದು ಕೇಳಿದರು. ಇವಳು ಸತ್ಯ ಹೇಳಿದಳು: ಇವರಿಗೆ ಮೈಮೇಲೆಲ್ಲ ಎದ್ದಿದೆ, ಜ್ವರ ಬೇರೆ.

ಜ್ವರ, ಮೈಮೇಲೆ ಎದ್ದಿರುವುದು, ಅದೂ ಮಂಗಳವಾರ. ಇನ್ನೇನು ಬೇಕು? ಗೌರಮ್ಮನವರ ಕೈಯಲ್ಲಿದ್ದ ಬಿಂದಿಗೆ ಕೆಳಗೆ ಬಿತ್ತು. "ಅಮ್ಮ ಬಂದವ್ಳೆ!" ಸಿಡುಬಿಗೆ ನಮ್ಮ ಊರಿನಲ್ಲಿ ಯಾರೂ ಸಿಡುಬು ಎನ್ನುವುದಿಲ್ಲ.

ಇದನ್ನು ಓದಿ ನೀವು ನಗಬಹುದು. ಆ ಮನೆಯಲ್ಲಿ ಅವತ್ತು ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ. ಯಾಕೆಂದರೆ ಶುಕ್ರವಾರ ಅವರ ಮಗಳು ಜಯಮ್ಮನ ಮದುವೆ. ನಾವಿರುವುದು ಅವರ ಮನೆಗೇ ಅಂಟಿಕೊಂಡ ಎರಡು ಕೋಣೆಯಲ್ಲಿ. ಒಂದೇ ಅಂಗಳ, ಒಂದೇ ಬಾವಿ. ಅಂಗಳದಲ್ಲಿ ಆಗಲೇ ಚಪ್ಪರದ ಕಂಬ ನೆಟ್ಟಾಗಿತ್ತು. ಅಮ್ಮ ಬಂದ ಮನೆಯಲ್ಲಿ ಒಗ್ಗರಣೆ ಹಾಕುವ ಹಾಗೇ ಇಲ್ಲ, ಇನ್ನು ವಾಲಗ ಊದಿಸುವುದೆಲ್ಲಿ ಬಂತು?

ಈ ಮದುವೆ ಆಗಲೇ ಒಂದು ಸಲ ಮುಂದೆ ಹೋಗಿತ್ತು. ಚಿಕ್ಕಬಾಣಾವರದ ಗಂಡಿನ ಮನೆಯಲ್ಲಿ ಅಜ್ಜ ತೀರಿಕೊಂಡು ಸೂತಕ ಬಂದಿತ್ತು. ಇನ್ನು ಹತ್ತು ದಿನಕ್ಕೆ ಆಷಾಢ. ಈಗ ತಪ್ಪಿದರೆ ಗಂಡಿನ ಸೋದರಮಾವ ತನ್ನ ಮಗಳನ್ನು ತಂದು ನಿಲ್ಲಿಸಲು ಕಾದೇ ಕೂತಿದ್ದಾನಂತೆ. ಹುಡುಗಿಯ ಕಾಲ್ಗುಣ ಸರಿಯಿಲ್ಲ ಎನ್ನುವ ಮಾತು ಒಂದು ಸಲ ಹೊರಟರೆ ಹಿಡಿಯುವವರು ಯಾರು? ಜಯಮ್ಮ ದನದ ಕೊಟ್ಟಿಗೆಯ ಹಿಂದೆ ನಿಂತು ಅಳುವುದು ನನ್ನ ಕಿಟಕಿಗೆ ಕೇಳಿಸುತ್ತಿತ್ತು. ನನಗೆ ನಿಜವಾಗಿ ಸಂಕಟವಾಯಿತು. ಒಂದು ಹುಡುಗಿಯ ಬಾಳು ನನ್ನ ತುರಿಕೆಗೆ ತಗುಲಿಹಾಕಿಕೊಂಡಿತ್ತು.

ಕಿಟಕಿಯಿಂದಲೇ ತೋಳು ತೋರಿಸಿದೆ. "ನೋಡಿ, ಮುನಿವೆಂಕಟಪ್ಪನವರೇ, ಚಿಕ್ಕಂದಿನಲ್ಲೇ ದಾಕು ಚುಚ್ಚಿದ್ದಾರೆ. ಎರಡು ಗುರುತಿದೆ. ಹೋದ ವರ್ಷ ಮತ್ತೆ ಹಾಕಿಸಿಕೊಂಡಿದ್ದೇನೆ. ನನಗೆ ಅಮ್ಮ ಬರಲ್ಲ."

"ಅದುಕ್ಕೇ ಸಾಮಿ ತಾಯಿಗೆ ಕ್ವಾಪ ಬಂದಿರೋದು" ಎಂದರು ಅವರು. ನಾನು ತೋಳನ್ನು ಒಳಗೆ ಎಳೆದುಕೊಂಡೆ.

ಸರೋಜ ಹಿಂಬಾಗಿಲಿನಿಂದ ಹೋಗಿ ಹೆಬ್ಬಾಳದ ಅದೇ ಡಾಕ್ಟರನ್ನು ಕರೆತಂದಳು. ಮುನಿವೆಂಕಟಪ್ಪನವರು ಬೇಲಿಯ ಹತ್ತಿರವೇ ಅವರ ಸೈಕಲ್ಲಿಗೆ ಅಡ್ಡ ನಿಂತರು. "ಅಮ್ಮ ಬಂದಿರೋ ಮನೆಗೆ ಸೂಜಿ ತರಬ್ಯಾಡಿ, ನಿಮ್ ಕಾಲಿಗ್ ಬೀಳ್ತೀನಿ." ಡಾಕ್ಟರು ಅಲ್ಲಿಂದಲೇ ಕೂಗಿ ಕೂಗಿ ಪಾಠ ಮಾಡಿದರು. ಇದು ಸಿಡುಬಲ್ಲ, ಸೀರಂ ಕೊಟ್ಟದ್ದರಿಂದ ಆಗಿರುವುದು, ಯಾರಿಗೂ ಅಂಟುವುದಿಲ್ಲ, ಕುದುರೆಯ ಅಂಶ ಮೈಗೆ ಒಗ್ಗಿಲ್ಲ ಅಷ್ಟೆ. ಪಕ್ಕದ ಮನೆಗಳವರೆಲ್ಲ ಬೇಲಿಗೆ ಬಂದು ನಿಂತರು. ಈ ಯಪ್ಪನಿಗೆ ಕುದುರೆ ರಕ್ತ ಕೊಟ್ಟಿದ್ದಾರಂತೆ ಎನ್ನುವುದೊಂದು ಮಾತ್ರ ಎಲ್ಲರ ಮನಸ್ಸಿನಲ್ಲಿ ನಿಂತಿತು. ಡಾಕ್ಟರು ಬಂದು ನನ್ನ ಸ್ಥಿತಿ ಇನ್ನಷ್ಟು ಕೆಟ್ಟಿತು ಎನ್ನಲು ಅಡ್ಡಿಯಿಲ್ಲ.

ಆಗ ಬಂದವರು ಪಿಳ್ಳಮ್ಮಜ್ಜಿ.

ಈ ಅಜ್ಜಿ ಮುನಿವೆಂಕಟಪ್ಪನವರ ಸೋದರತ್ತೆ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಆ ಮನೆಯ ಮಕ್ಕಳೆಲ್ಲ ಬೆಳೆದದ್ದು ಅವರ ಕೈಯಲ್ಲಿ, ಜಯಮ್ಮನೂ ಸೇರಿ. ಎಂಟು ವರ್ಷದವರಿದ್ದಾಗ ಅವರಿಗೆ ಅಮ್ಮ ಬಂದಿತ್ತು. ಇಬ್ಬರು ತಮ್ಮಂದಿರು ಹೋದರು, ಇವರು ಉಳಿದರು. ಮುಖದ ತುಂಬ ಕಲೆ, ಒಂದು ಕಣ್ಣಿಲ್ಲ. ಅದಕ್ಕೇ ಊರಿನಲ್ಲಿ ಯಾರ ಮನೆಗೆ ಅಮ್ಮ ಬರಲಿ, ಹೆತ್ತವರೇ ಹೆದರಿ ದೂರ ನಿಂತಾಗ ಆರೈಕೆಗೆ ಕರೆಯುವುದು ಇವರನ್ನೇ.

ಅಜ್ಜಿ ಬೇವಿನ ಸೊಪ್ಪು ಸರಿಸಿಕೊಂಡು ಸೀದಾ ಒಳಗೆ ಬಂದರು.

"ಅಜ್ಜಿ, ದೂರ ಇರಿ, ನಿಮಗೆ ಬಂದ್ರೆ?" ಎಂದೆ. (ನನಗೇ ಆಗಲೇ ಅನುಮಾನ ಶುರುವಾಗಿತ್ತು, ನೋಡಿ.)

"ನಂಗೆ ಬಂದ್ ಓಗವ್ಳೆ ಕಣಪ್ಪ. ಒಂದ್ ದಪ ಬಂದ ಮೈಗೆ ಇನ್ನೊಂದ್ ದಪ ಬರಾಕಿಲ್ಲ. ಎಲ್ಲಿ, ಅಂಗೈ ತೋರ್ಸು."

ತೋರಿಸಿದೆ. ಅಂಗಾಲು ನೋಡಿದರು. ಮುಖವನ್ನು ಬೆಳಕಿಗೆ ತಿರುಗಿಸಿದರು. ಮೂರು ಕಡೆಯೂ ದದ್ದಿರಲಿಲ್ಲ, ತುಟಿ ಊದಿತ್ತು ಅಷ್ಟೆ. ಒಂದು ದದ್ದನ್ನು ಹೆಬ್ಬೆರಳಿನಿಂದ ಒತ್ತಿ, "ಊಂ" ಎಂದರು. ಆಮೇಲೆ ನೀರೊಲೆಯಿಂದ ಒಂದು ಚೂರು ಇದ್ದಿಲು ತಂದು, ನನ್ನ ತೋಳಿನ ಮೇಲಿನ ಮೂರು ದದ್ದುಗಳ ಸುತ್ತ ಮೂರು ಗೆರೆ ಎಳೆದರು. ಹೊಸಿಲಲ್ಲಿ ಕೂತು ಎಲೆ ಅಡಿಕೆ ಜಗಿಯತೊಡಗಿದರು. ಅಂಗಳದಲ್ಲಿ ಇಡೀ ಮನೆ ಕಾದು ನಿಂತಿತು. ಜಯಮ್ಮ ಕೊಟ್ಟಿಗೆಯ ಮೂಲೆಯಿಂದ ಇಣುಕುತ್ತಿದ್ದಳು.

ಒಂದು ಗಂಟೆಯಾಗಿರಬಹುದು. ಅಜ್ಜಿ ಎದ್ದು ಬಂದು ತೋಳು ಹಿಡಿದರು. ಮೂರು ಇದ್ದಿಲಿನ ಗೆರೆ ಹಾಗೇ ಇದ್ದವು. ಒಳಗೆ ದದ್ದೇ ಇರಲಿಲ್ಲ! ತೊಡೆಯ ಮೇಲೆ ಮಾತ್ರ ಹೊಸದಾಗಿ ನಾಲ್ಕು ಎದ್ದಿದ್ದವು.

ಅಜ್ಜಿ ನನ್ನ ತೋಳನ್ನು ಬಾಗಿಲವರೆಗೂ ಎಳೆದುಕೊಂಡು ಹೋಗಿ (ತೋಳಿನ ಜೊತೆ ನಾನೂ ಹೋಗಬೇಕಾಯಿತು) ಅಂಗಳಕ್ಕೆಲ್ಲ ಪ್ರದರ್ಶನ ಮಾಡಿದರು.

"ನೋಡ್ಲಾ ಮುನಿಯಾ! ಅಮ್ಮ ಒಂದ್ ಕಡೆ ಕುಂತ್ರೆ ಕುಂತ್ಳು. ಮಕ, ಅಂಗೈ ಬುಟ್ಟು ಬರಾಕಿಲ್ಲ. ಇಂಗೆ ಗಳಿಗೆಗೊಂದ್ ಜಾಗ ಬದ್ಲಾಯ್ಸಾಕೆ ಅವ್ಳೇನು ಕೋತಿಯಾ? ಇದು ಅಮ್ಮ ಅಲ್ಲ. ತೆಗ್ಯೋ ಸೊಪ್ಪ! ವಾಲಗದೋರ್ಗೆ ಏಳ್ ಕಳ್ಸು."

ಅಷ್ಟೇ. ಸೊಪ್ಪು ಇಳಿಯಿತು. ಡಾಕ್ಟರ ಅರ್ಧ ಗಂಟೆಯ ಉಪನ್ಯಾಸ ಮಾಡಲಾಗದ್ದನ್ನು ಒಂದು ಚೂರು ಇದ್ದಿಲು ಮಾಡಿತ್ತು. ಜಯಮ್ಮ ಓಡಿ ಬಂದು ಅಜ್ಜಿಯನ್ನು ತಬ್ಬಿಕೊಂಡು ಮತ್ತೆ ಅತ್ತಳು. ಬೇಲಿಯ ಬಳಿಯೇ ಕಾದು ನಿಂತಿದ್ದ ಡಾಕ್ಟರಿಗೆ ಒಳಗೆ ಬರಲು ಅಪ್ಪಣೆಯಾಯಿತು, ಕಾಫಿಯೂ ಸಿಕ್ಕಿತು.

"ಅಜ್ಜಿ, ನಮಗೂ ಕಾಲೇಜಲ್ಲಿ ಇದನ್ನೇ ಹೇಳ್ಕೊಟ್ಟಿದ್ದು. ನಾವು ಪೆನ್ನಲ್ಲಿ ಗೆರೆ ಎಳೀತೀವಿ, ಅಷ್ಟೇ ವ್ಯತ್ಯಾಸ" ಎಂದರು ಡಾಕ್ಟರು. ನವೆಗೆ ಮಾತ್ರೆ ಕೊಟ್ಟರು. ನನಗೆ ಅರ್ಥವಾಗದ್ದು ಒಂದೇ. ಟೆಸ್ಟ್ ಡೋಸ್ ಹಾಕಿದಾಗ ಸುಮ್ಮನಿದ್ದ ಮೈ ಹತ್ತು ದಿನವಾದ ಮೇಲೆ ಯಾಕೆ ಎಗರಾಡಬೇಕು?

"ಮೈಗೆ ಹೊರಗಿನೋರು ಯಾರು ಅಂತ ಗುರುತು ಹಿಡಿದು, ಹೊಡೆಯೋಕೆ ತಯಾರಾಗೋಕೆ ಅಷ್ಟು ದಿನ ಬೇಕು ಕಣ್ರೀ. ಅಜ್ಜಿ ಮೈ ಹಿಂದೆ ಅಮ್ಮನ್ನ ಗುರುತು ಹಿಡೀತು, ಇವತ್ತಿಗೂ ಮರೆತಿಲ್ಲ. ಅದಕ್ಕೇ ಅಜ್ಜಿಗೆ ಧೈರ್ಯ. ನೀವು ಹಾಕಿಸ್ಕೊಂಡ ದಾಕೂ ಅದೇ ಗುರುತು ಕಲಿಸೋಕೆ. ಈಗ ನಿಮ್ಮ ಮೈ ಕುದುರೇನ ಗುರುತು ಹಿಡಿದಿದೆ."

"ಕುದುರೆ ನನಗೆ ಉಪಕಾರ ಮಾಡೋಕೆ ಬಂದಿದ್ದು ಅಲ್ವಾ, ಸಾರ್?"

"ಮೈಗೆ ಅದೆಲ್ಲ ಗೊತ್ತಾಗಲ್ಲ. ಹೊರಗಿಂದು ಅಂದ್ರೆ ಹೊಡಿ, ಅಷ್ಟೇ. ಆ ಜಗಳದಲ್ಲಿ ನಿಮ್ಮ ಚರ್ಮ, ಕೀಲು ಎಲ್ಲಾ ಏಟು ತಿಂದಿದೆ. ಒಂದು ಮಾತು ನೆನಪಿಡಿ. ಇನ್ನೊಂದು ಸಲ ಈ ಸೀರಂ ಕೊಟ್ರೆ ಮೈ ಹತ್ತು ದಿನ ಕಾಯಲ್ಲ. ಹತ್ತು ನಿಮಿಷದಲ್ಲಿ ಪ್ರಾಣಕ್ಕೇ ಬರಬಹುದು. ಯಾವ ಡಾಕ್ಟರ ಹತ್ತಿರ ಹೋದ್ರೂ ಮೊದಲು ಇದನ್ನ ಹೇಳಿ."

(ಓದುಗ ಮಹಾಶಯರೇ, ನಿಮಗೂ ಯಾವುದಾದರೂ ಇಂಜೆಕ್ಷನ್ ಹೀಗೆ ಆಗದಿದ್ದರೆ ದಯವಿಟ್ಟು ಹೇಳಿಬಿಡಿ. ಸಂಕೋಚ ಬೇಡ. ಸರೋಜ ಒಂದು ಚೀಟಿ ಬರೆದು ನನ್ನ ಜೇಬಿಗೆ ತುರುಕಿದ್ದಾಳೆ: "ಇವರಿಗೆ ಕುದುರೆ ಆಗುವುದಿಲ್ಲ." ಬಸ್ಸಿನಲ್ಲಿ ಅದು ಕೆಳಗೆ ಬಿದ್ದು, ಎತ್ತಿಕೊಟ್ಟ ಕಂಡಕ್ಟರು ನನ್ನನ್ನು ಒಂದು ಥರಾ ನೋಡಿದ.)

ಡಾಕ್ಟರು ಸೈಕಲ್ ಹತ್ತುವಾಗ ಇನ್ನೊಂದು ಮಾತು ಹೇಳಿದರು. ನೀವು ಪುಣ್ಯವಂತರು, ಇದು ವಾರದಲ್ಲಿ ಹೋಗುತ್ತೆ. ಕೆಲವರ ಮೈ ತನ್ನದೇ ಕೀಲು, ತನ್ನದೇ ರಕ್ತವನ್ನು ಹೊರಗಿನದು ಎಂದುಕೊಂಡು ಹೊಡೆಯಲು ನಿಲ್ಲುತ್ತದಂತೆ. ಈಗೀಗ ದೊಡ್ಡ ಡಾಕ್ಟರುಗಳು ಹೀಗೆ ಬರೆಯುತ್ತಿದ್ದಾರಂತೆ.

"ತನ್ನದು ಅಂತ ಗೊತ್ತಾಗಲ್ವಾ, ಸಾರ್?"

"ಗೊತ್ತಿರಬೇಕು. ಯಾಕೋ ಮರೆತುಬಿಡುತ್ತೆ."

ಶುಕ್ರವಾರ ಮದುವೆ ಆಯಿತು. ಜೋರಾಗಿಯೇ ಆಯಿತು. ನನ್ನ ದದ್ದು ಇನ್ನೂ ಪೂರ್ತಿ ಇಳಿದಿರಲಿಲ್ಲ. ಗಂಡಿನ ಕಡೆಯವರ ಕಣ್ಣಿಗೆ ಬೀಳಬಾರದೆಂದು ಮುನಿವೆಂಕಟಪ್ಪನವರು ನನ್ನನ್ನು ಬಹಳ ಮರ್ಯಾದೆಯಿಂದ ಹಿಂದಿನ ಉಗ್ರಾಣದ ಕೋಣೆಯಲ್ಲಿ ಕೂರಿಸಿದರು. ಎಲೆಯನ್ನೂ ಅಲ್ಲಿಗೇ ಕಳಿಸಿದರು. ಬೂಂದಿ ಲಾಡು ಎರಡು ಸಲ ಬಂತು, ದೂರುವ ಹಾಗಿಲ್ಲ.

ಕುಂಬಳಕಾಯಿ, ಬಾಳೆಲೆಗಳ ನಡುವೆ ಅಲ್ಲಿ ಆಗಲೇ ಒಬ್ಬರು ಕೂತಿದ್ದರು. ಪಿಳ್ಳಮ್ಮಜ್ಜಿ.

"ಇದೇನಜ್ಜಿ, ಧಾರೆ ನಡೀತಿದೆ, ನೀವಿಲ್ಲಿ?"

"ಗಂಡ ಇಲ್ದೋಳು ಮುಂದ್ಕೆ ಓಗಬಾರ್ದು ಕಣಪ್ಪ. ಅದ್ರಾಗೂ ಈ ಮಕ ಬ್ಯಾರೆ."

ತಾಳಿ ಕಟ್ಟುವಾಗ ವಾಲಗ ಏರಿತು. ಅಜ್ಜಿ ಕೂತಲ್ಲೇ, ಗೋಡೆಯ ಕಡೆಗೆ ನಾಲ್ಕು ಕಾಳು ಅಕ್ಷತೆ ಎರಚಿದರು. ಆಮೇಲೆ ಮದುಮಕ್ಕಳು ಹಿರಿಯರಿಗೆಲ್ಲ ನಮಸ್ಕಾರ ಮಾಡುತ್ತ ಈ ಕಡೆ ಬಂದರು. ಜಯಮ್ಮ ಬಾಗಿಲ ಹತ್ತಿರ ತಡೆದು ನಿಂತು, "ಅಜ್ಜಿ ಎಲ್ಲಿ?" ಎಂದಳು. "ಆಮ್ಯಾಕ್ ನೋಡ್ಕಳೀವಂತೆ, ನಡಿ ನಡಿ" ಎಂದು ಗೌರಮ್ಮನವರು ಅವಳ ಬೆನ್ನಿಗೆ ಕೈ ಹಾಕಿ ಮುಂದಕ್ಕೆ ನಡೆಸಿದರು. ಒಳಗಿನಿಂದ ಅಜ್ಜಿಯೂ "ಓಗು, ಓಗು" ಎಂದು ಕೈ ಬೀಸುತ್ತಿದ್ದರು. ಅವರ ಒಂದು ಕಣ್ಣು ತುಂಬಿಕೊಂಡಿತ್ತು.

ನಾನೇನು ಮಾಡಿದೆ ಎಂದು ಕೇಳುತ್ತೀರಾ? ವಾರವಾರವೂ ಪತ್ರಿಕೆಯ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ಗಂಡಸು ನಾನು. ಎದ್ದು ಹೋಗಿ ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಮಂಡಿ ಕೆರೆದುಕೊಳ್ಳುತ್ತ ಲಾಡು ತಿಂದೆ. ಈಗ ನಾಚಿಕೆಯಾಗುತ್ತಿದೆ.

ತನ್ನವರನ್ನೇ ಹೊರಗಿನವರು ಎಂದುಕೊಳ್ಳುವ ಕಾಯಿಲೆ ಮೈಗೆ ಬಂದರೆ ಡಾಕ್ಟರು ಸೈಕಲ್ ಹತ್ತಿ ಬರುತ್ತಾರೆ. ಮನೆಗೇ ಬಂದರೆ ಯಾರನ್ನು ಕರೆಸೋಣ?