ಥರ್ಮಾಮೀಟರಿಗೆ ಉಡಿಸಿದ ಹಬ್ಬದ ಬಟ್ಟೆ

ಡಿಗ್ರಿಯ ಮೊದಲ ವರ್ಷ ನನಗೆ ಹವಾಮಾನ ಶಾಸ್ತ್ರ ಅರ್ಥವಾಗಿದ್ದು ಕಾಲೇಜಿನಲ್ಲಲ್ಲ, ಹಿಂದೂಪುರದ ನಮ್ಮ ಸೋದರತ್ತೆಯ ಹಜಾರದಲ್ಲಿ. ಅದಕ್ಕೆ ಕಾರಣ ಅತ್ತೆ ಮಾಡಿದ ಒಂದು ತಪ್ಪು. ಆ ತಪ್ಪಿಗೆ ನಾನು ಇವತ್ತಿಗೂ ಋಣಿ.

ಎಂಬತ್ತರ ದಶಕದ ಮಾತು. ಊರು ಕಲ್ಯಾಣದುರ್ಗದಲ್ಲಿ ತೆಲುಗಿನಲ್ಲಿ ಓದಿ, ಅತ್ತೆಯ ಮನೆಯಲ್ಲಿದ್ದುಕೊಂಡು ಹಿಂದೂಪುರದ ಕಾಲೇಜಿಗೆ ಸೇರಿದ ನನಗೆ ಇಂಗ್ಲಿಷಿನಲ್ಲಿ ನಡೆಯುವ ಪಾಠ ಕಬ್ಬಿಣದ ಕಡಲೆ. ಎಲ್ಲವನ್ನೂ ಗಿಣಿಪಾಠ ಒಪ್ಪಿಸುತ್ತಿದ್ದೆ. “ಈ ವರ್ಷ ಫೇಲಾದ್ರೆ ಮನೆಗೆ ಬಂದ್ಬುಡಮ್ಮ, ಓದಿದ್ದು ಸಾಕು” ಎಂದು ಅಪ್ಪ ಬಸ್ಸು ಹತ್ತಿಸುವಾಗಲೇ ಹೇಳಿದ್ದರು. ಅವರು ಮಾತಿಗೆ ತಪ್ಪುವವರಲ್ಲ.

ದಸರಾ ರಜೆಗೆ ಮೇಷ್ಟ್ರು ಒಂದು ಹಲಗೆ ಕೊಟ್ಟು ಕಳಿಸಿದರು. ಅದರ ಮೇಲೆ ಎರಡು ಥರ್ಮಾಮೀಟರು. ಒಂದರ ತುದಿಗೆ ಒದ್ದೆ ಬಟ್ಟೆ, ಇನ್ನೊಂದು ಬರಿದು. ಎರಡರ ವ್ಯತ್ಯಾಸ ನೋಡಿ ಗಾಳಿಯಲ್ಲಿ ಎಷ್ಟು ತೇವವಿದೆಯೆಂದು ದಿನವೂ ಬರೆಯಬೇಕು. ವ್ಯತ್ಯಾಸ ಏಕೆ ಬರುತ್ತದೆಂದು ಕೇಳಿದರೆ ಪುಸ್ತಕದ ಸಾಲು ಒದರುತ್ತಿದ್ದೆ, ಅಷ್ಟೆ.

ಆಯುಧಪೂಜೆಯ ದಿನ ನಾನು ಸ್ನಾನ ಮಾಡಿ ಬರುವಷ್ಟರಲ್ಲಿ ಅತ್ತೆ ಕುಡುಗೋಲು, ಈಳಿಗೆಮಣೆ, ಹೊಲಿಗೆ ಮೆಷಿನ್ನಿನ ಜೊತೆ ನನ್ನ ಹಲಗೆಗೂ ಕುಂಕುಮವಿಟ್ಟು ಸೇವಂತಿಗೆ ಮುಡಿಸಿದ್ದರು. ನೋಡಿದರೆ ಎರಡೂ ಒಂದೇ ಅಂಕಿ ತೋರಿಸುತ್ತಿವೆ! ಮೇಷ್ಟ್ರ ಲೆಕ್ಕದಂತೆ ಆ ಗಾಳಿಯಲ್ಲಿ ಇನ್ನೊಂದು ಹನಿ ನೀರಿಗೂ ಜಾಗವಿಲ್ಲ. ಹೊರಗೆ ಮಾತ್ರ ಹಪ್ಪಳ ಒಣಗುವ ಬಿಸಿಲು. ಹಲಗೆ ಕೆಟ್ಟಿತು, ನನ್ನ ಓದಿನ ಕಥೆ ಮುಗಿಯಿತು ಎಂದು ಅಳುವುದೊಂದೇ ಬಾಕಿ.

ಆಮೇಲೆ ಕಂಡಿತು. ಬರಿದಾಗಿದ್ದ ತುದಿಗೂ ಅರಿಸಿನದ ನೀರಲ್ಲಿ ಅದ್ದಿದ ಬಟ್ಟೆ ಸುತ್ತಿತ್ತು.

“ಒಂದಕ್ಕೆ ಬಟ್ಟೆ ಉಡ್ಸಿ ಇನ್ನೊಂದ್ನ ಬೆತ್ತಲೆ ಬಿಟ್ಟಿದ್ದೀಯಲ್ಲ, ಹಬ್ಬದ್ ದಿನ! ಪಾಪಮು ಕಣಮ್ಮ” ಎಂದರು ಅತ್ತೆ.

ಸಿಟ್ಟಿನಲ್ಲೇ ಆ ಬಟ್ಟೆ ಬಿಚ್ಚಿ ತುದಿ ಒರೆಸಿದೆ. ಪಾದರಸ ಕಣ್ಣೆದುರೇ ಮೆಲ್ಲಗೆ ಮೇಲೇರಿತು. ಮೂಲೆಯ ಮಣ್ಣಿನ ಹೂಜಿಯ ನೀರು ಏಕೆ ತಣ್ಣಗಿರುತ್ತದೆಂದು ಆಗ ಹೊಳೆಯಿತು. ಆರುವ ನೀರು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ! ಓಡಿ ಹೋಗಿ ಅತ್ತೆಯನ್ನು ತಬ್ಬಿಕೊಂಡೆ. ಅವರಿಗೆ ಏನೂ ಅರ್ಥವಾಗಲಿಲ್ಲ, ಒಂದು ಒಬ್ಬಟ್ಟು ಕೊಟ್ಟರು.

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಪರೀಕ್ಷಕರು ಅದನ್ನೇ ಕೇಳಬೇಕೆ? ಎರಡೂ ಒಂದೇ ತೋರಿಸಿದರೆ ಏನರ್ಥ ಎಂದರು. ಗಾಳಿಯಲ್ಲಿ ತೇವ ತುಂಬಿ ಬಟ್ಟೆ ಆರುತ್ತಿಲ್ಲ ಎಂದರ್ಥ, ಇಲ್ಲವೇ ಮನೆಯಲ್ಲಿ ಯಾರೋ ಎರಡಕ್ಕೂ ಬಟ್ಟೆ ಉಡಿಸಿದ್ದಾರೆ ಎಂದರ್ಥ ಎಂದು ತೆಲುಗಿನಲ್ಲೇ ಹೇಳಿಬಿಟ್ಟೆ. ಅವರು ಬಿದ್ದು ಬಿದ್ದು ನಕ್ಕರು. ನಾನು ಪಾಸಾದೆ.

ರಜೆಗೆ ಕಲ್ಯಾಣದುರ್ಗಕ್ಕೆ ಹೋಗಿ ಅಪ್ಪನಿಗೆ ಎಲ್ಲ ಹೇಳಿದೆ. ಅವರು ಎದ್ದು ಪೇಟೆಗೆ ಹೋದರು. ಸಂಜೆ ಬಂದು ಒಂದು ಹೊಸ ಸೀರೆ ನನ್ನ ಕೈಗಿಟ್ಟರು.

“ಕಾಲೇಜು ತೆಗೆದ್ಮೇಲೆ ಹೋಯ್ತೀಯಲ್ಲ, ನಿಮ್ಮತ್ತೆಗೆ ಕೊಡು. ಎಲ್ಲಾರ್ಗೂ ಉಡುಸ್ತಾಳೆ, ಅವ್ಳಿಗ್ಯಾರು ಉಡುಸ್ತಾರೆ?”