ಚಿಂದಿ ಕಟ್ಟಿದ ಸಂಜೆಮಲ್ಲಿಗೆ

ಊರವರು ಅವಳಿಗೆ ಚಿಂದಿಯಮ್ಮ ಎಂದೇ ಹೆಸರಿಟ್ಟಿದ್ದರು. ಹೊಲಿಗೆ ಅವಳ ಕಸುಬು. ಅಂಗಡಿ ಮುಚ್ಚಿದ ಮೇಲೆ ರಸ್ತೆಯಂಚಿನ ಹುಲ್ಲಿನಲ್ಲಿ ಕಣ್ಣು ನೆಟ್ಟು ನಡೆಯುವುದು ಅವಳ ಹುಚ್ಚು. ತೋಟದಿಂದ ತಪ್ಪಿಸಿಕೊಂಡು ಬಂದು ಬೀದಿಯಲ್ಲೇ ಸಂಸಾರ ಹೂಡಿದ ಹೂಗಿಡಗಳೆಂದರೆ ಅವಳಿಗೆ ಪ್ರಾಣ. ನಿತ್ಯಪುಷ್ಪವೋ ಕರ್ಣಕುಂಡಲವೋ, ಹೂವಿಲ್ಲದಿದ್ದರೂ ಎಲೆ ನೋಡಿ, ಗೆಣ್ಣು ಮುಟ್ಟಿ ಹೇಳಿಬಿಡುತ್ತಿದ್ದಳು. ಅಷ್ಟಕ್ಕೇ ಬಿಡುವವಳೂ ಅಲ್ಲ; ಅದು ಯಾರ ಮನೆಯಿಂದ ಓಡಿ ಬಂದದ್ದೆಂದು ತಿಳಿಯಬೇಕು. ಮಳೆನೀರು ಬೀಜವನ್ನು ಇಳಿಜಾರಿಗೆ ತರುತ್ತದಾದ್ದರಿಂದ ಚರಂಡಿಯ ಗುಂಟ ಏರು ಹತ್ತುತ್ತಿದ್ದಳು. ಗಿಡಗಳು ಒತ್ತೊತ್ತಾದರೆ ಅವುಗಳ ತವರು ಹತ್ತಿರವಾಯಿತೆಂದು ಲೆಕ್ಕ. ಗುರುತಿಸಿದ ಗಿಡಕ್ಕೆಲ್ಲ ಅಂಗಡಿಯ ಕೆಂಪು ಚಿಂದಿ ಕಟ್ಟುತ್ತಿದ್ದಳು. ಹುಲ್ಲು ಕತ್ತರಿಸುವವನು ಗೊಣಗುತ್ತಲೇ ಅವನ್ನು ಬಿಟ್ಟು ಯಂತ್ರ ತಿರುಗಿಸುತ್ತಿದ್ದ.

ಒಂದು ಸಂಜೆ ಏರುರಸ್ತೆಯ ಬುಡದಲ್ಲಿ ಅವಳಿಗೆ ಸಂಜೆಮಲ್ಲಿಗೆ ಕಂಡಿತು. ಬಿಳಿ ದಳಕ್ಕೆ ಕೆಂಪು ಶಾಯಿ ಚಿಮುಕಿಸಿದಂಥದ್ದು. ಅವಳ ಅಮ್ಮ ಬೇರೆ ಬಣ್ಣದ್ದನ್ನೆಲ್ಲ ಕಿತ್ತೊಗೆದು, ಬೀಜ ಆರಿಸಿ ಆರಿಸಿ ಹಿತ್ತಿಲಲ್ಲಿ ಉಳಿಸಿಕೊಂಡಿದ್ದ ತಳಿ ಅದು. ಬೇರೆಲ್ಲೂ ಅವಳು ಅದನ್ನು ಕಂಡಿರಲಿಲ್ಲ.

ಅಮ್ಮ ಹೋದಾಗ ಇವಳು ಕಾಲು ಮುರಿದುಕೊಂಡು ಮಲಗಿದ್ದಳು. ಮನೆ ಖಾಲಿ ಮಾಡಿದ್ದು ಅಕ್ಕ. ಪಾತ್ರೆ ಬೇಡ, ಬಟ್ಟೆ ಬೇಡ, ಸಂಜೆಮಲ್ಲಿಗೆಯ ಒಂದು ಗೆಡ್ಡೆ ತಾ ಎಂದು ಇವಳು ಅಂಗಲಾಚಿದ್ದಳು. ಮನೆ ಕೊಂಡವರು ಆಗಲೇ ಹಿತ್ತಿಲು ಅಗೆಸಿಬಿಟ್ಟರು, ಒಂದು ಬೇರೂ ಉಳಿಯಲಿಲ್ಲ ಎಂದು ಅಕ್ಕ ಇವಳ ಮಂಚದಂಚಿಗೆ ಕೂತು ಬಿಕ್ಕಿಬಿಕ್ಕಿ ಅತ್ತಿದ್ದಳು. ಅವಳ ಕಣ್ಣೊರೆಸಿದ್ದು ಇವಳೇ.

ಈಗ ಚಿಂದಿ ಕಟ್ಟುವಾಗ ಸಂತೋಷಕ್ಕೆ ಎರಡೆರಡು ಗಂಟು ಹಾಕಿದಳು. ಅಕ್ಕನಿಗೆ ತೋರಿಸಿದರೆ ಕುಣಿದುಬಿಡುತ್ತಾಳೆ ಅಂದುಕೊಂಡಳು. ಇಂಥ ಪೆದ್ದುತನಕ್ಕೆ ಏನು ಹೇಳುವುದು! ಚರಂಡಿಯ ಗುಂಟ ಮೆಣಸುಕಾಳಿನಂಥ ಬೀಜ, ಗಿಡ, ಮತ್ತೆ ಗಿಡ. ಒಂದೊಂದಕ್ಕೂ ಚಿಂದಿ ಕಟ್ಟುತ್ತ ಹತ್ತಿದಳು. ಚರಂಡಿ ಒಂದು ಹಿತ್ತಿಲ ಗೋಡೆಯ ಕಿಂಡಿಯಲ್ಲಿ ಮುಗಿಯಿತು. ಅಕ್ಕನ ಮನೆಯ ಗೋಡೆ. ಇವಳು ಬಂದಾಗಲೆಲ್ಲ ಅಕ್ಕ ಮುಂದಿನ ಕೋಣೆಯಲ್ಲೇ ಕೂರಿಸಿ ಮಾತಾಡಿಸುತ್ತಿದ್ದಳು. ಹಿತ್ತಿಲ ಬಾಗಿಲ ಚಿಲಕ ತುಕ್ಕು ಹಿಡಿದು ಕೂತಿದೆ ಎನ್ನುತ್ತಿದ್ದಳು. ಮೋಟುಗೋಡೆಯ ಮೇಲಿಂದ ಇಣುಕಿದರೆ ಆ ಬಾಗಿಲು ಈಗ ಹಾರುಹೊಡೆದಿತ್ತು. ಅಕ್ಕ ಸಾಲು ಸಂಜೆಮಲ್ಲಿಗೆಗೆ ನೀರು ಹಾಕುತ್ತಿದ್ದಳು.

ತಂಗಿಯನ್ನು ಕಂಡು ಅಕ್ಕ ಬಿಳಿಚಿಕೊಂಡಳು. ಆಮೇಲೆ ಮೆಲ್ಲಗೆ ಹೇಳಿದಳು:

"ಅಮ್ಮ ಹೂವಿನ ವಿಷ್ಯ ಹೇಳ್ಕೊಟ್ಟಿದ್ದೆಲ್ಲ ನಿಂಗೇ. ನನ್ನ ಒಂದಿನಾನೂ ಪಕ್ಕದಲ್ಲಿ ಕೂರಿಸ್ಕೊಳ್ಳಲಿಲ್ಲ. ಇದೊಂದಾದ್ರೂ ನನ್ನೊಬ್ಬಳದೇ ಆಗಿರ್ಲಿ ಅನ್ನಿಸ್ತು."

"ಹಾಗಂತ ಹೇಳಿದ್ರೆ ನಾನೇ ಬಿಟ್ಟುಕೊಡ್ತಿದ್ದೆ. ಅವತ್ತು ಅತ್ತಿದ್ದು ಯಾಕೆ?"

ಅಕ್ಕ ಬಗ್ಗಿ ಒಂದು ಗೆಡ್ಡೆ ಕಿತ್ತು, ಮಣ್ಣು ಕೊಡವಿ ಮುಂದೆ ಹಿಡಿದಳು. ಇವಳು ತೆಗೆದುಕೊಳ್ಳಲಿಲ್ಲ. ಮೋಸ ಮಾಡಿದವಳ ಕಣ್ಣನ್ನೇ ಒರೆಸಿ ಸಮಾಧಾನ ಮಾಡಿದೆನಲ್ಲ ಎಂಬುದನ್ನು ಇವಳಿಗೆ ಸಹಿಸಲಾಗಲಿಲ್ಲ.

ಇಳಿಯುವಾಗ ಕಟ್ಟಿದ ಚಿಂದಿಗಳನ್ನೆಲ್ಲ ಬಿಚ್ಚಿಕೊಂಡು ಬಂದಳು. ಬುಡದಲ್ಲಿ ಹುಲ್ಲು ಕತ್ತರಿಸುವವನು ಮರುದಿನದ ಕೆಲಸ ನೋಡುತ್ತ ನಿಂತಿದ್ದ. ಅವಳು ಕೊನೆಯ ಗಂಟು ಬಿಚ್ಚುವುದನ್ನು ಕಂಡು, ಇದು ಚೆನ್ನಾಗಿದೆಯಲ್ಲ, ಯಾವ ಹೂವು ಎಂದು ಕೇಳಿದ.

"ಗೊತ್ತಿಲ್ಲಪ್ಪ," ಅಂದಳು ಚಿಂದಿಯಮ್ಮ.